ನಾಯಿ ಹೇಳಿದ್ದು ಪ್ರಮಾಣವೇ?

ಕಣ್ಣಿಗೆ ಕಾಣದ, ಊಹೆಗೂ ನಿಲುಕದ ಸಂಗತಿಯನ್ನು ನಂಬಲರ್ಹರಾದವರ ಮಾತಿನಿಂದ ತಿಳಿಯುವುದಕ್ಕೆ ನಮ್ಮ ತಾರ್ಕಿಕರು ಶಬ್ದಪ್ರಮಾಣ ಎಂದರು. ಆ ನಂಬಲರ್ಹನೇ ಆಪ್ತ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನ ಲಕ್ಷಣ ಹೇಳುವಾಗ ಕುಲ ಕೇಳುವುದಿಲ್ಲ. ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆ ಇರಬೇಕು, ಅಷ್ಟೆ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೇ ಅಳತೆ ಎನ್ನುತ್ತಾನೆ. ಇಷ್ಟು ಉದಾರವಾದ ವ್ಯಾಖ್ಯೆ ಮನುಷ್ಯರಲ್ಲಿಗೇ ನಿಲ್ಲಬೇಕೆ, ನಾಯಿಯೂ ಒಂದು ವಿಷಯದಲ್ಲಿ ಆಪ್ತನಾಗಬಹುದೇ? ಇದು ಬರೀ ತರ್ಕದ ಕಸರತ್ತು ಎನಿಸಬಹುದು. ಆದರೆ ಸಾಕಿದ ನಾಯಿಗೆ ಅನ್ನ, ಲಸಿಕೆ, ಮುದ್ದು ಕೊಟ್ಟರೆ ನಮ್ಮ ಋಣ ತೀರಿತೇ ಎಂಬ ಪ್ರಶ್ನೆ ಇದರೊಳಗೇ ಇದೆ. ತೀರಲಿಲ್ಲ ಎಂಬುದು ನನ್ನ ವಾದ. ಅದಕ್ಕೆ ತಿಳಿದದ್ದನ್ನು ನಾವು ಕೇಳಿ ನಂಬುವ ಸಂದರ್ಭವನ್ನೂ ಕೊಡಬೇಕು. ಅಂಥ ಸಂದರ್ಭವನ್ನು ನಿಯಮದಲ್ಲೇ ಇಟ್ಟುಕೊಂಡಿರುವ ಆಟ ಒಂದಿದೆ.

ಅದರ ಹೆಸರು ನೋಸ್‌ವರ್ಕ್. 2006ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂವರು ತರಬೇತುದಾರರು ಪತ್ತೇದಾರಿ ನಾಯಿಗಳ ಕೆಲಸವನ್ನು ಮನೆನಾಯಿಗಳ ಆಟವಾಗಿ ರೂಪಿಸಿದರು. ಅಲ್ಲಿನ ಅಮೆರಿಕನ್ ಕೆನಲ್ ಕ್ಲಬ್ 2017ರಲ್ಲಿ ಇದೇ ಬಗೆಯ ಸ್ಪರ್ಧೆಗಳನ್ನು ಆರಂಭಿಸಿತು. ನೆಲದ ಮೇಲೆ ರಟ್ಟಿನ ಡಬ್ಬಗಳ ಸಾಲು, ಒಂದರೊಳಗೆ ತಿಂಡಿಯ ತುಣುಕು: ಆರಂಭಕ್ಕೆ ಇಷ್ಟು ಸಾಕು. ರೂಢಿಯಾದ ಮೇಲೆ ಬರ್ಚ್ ಮರದ ಎಣ್ಣೆ, ಆನಿಸ್ ಎಣ್ಣೆ, ಲವಂಗದ ಎಣ್ಣೆ ಸೋಕಿಸಿದ ಹತ್ತಿಯನ್ನು ಬಚ್ಚಿಡುತ್ತಾರೆ. ಜಿಗಿತವಿಲ್ಲ, ಓಟದ ಗಡಿಬಿಡಿಯಿಲ್ಲ. ಕೀಲುನೋವಿನ ನಾಯಿ, ಮೂರು ಕಾಲಿನ ನಾಯಿ, ಕಿವಿ ಕೇಳದ ನಾಯಿ ಎಲ್ಲವೂ ಆಡಬಹುದು. ಒಂದು ಸಲಕ್ಕೆ ಒಂದೇ ನಾಯಿ ಹುಡುಕುವುದರಿಂದ ಬೇರೆ ನಾಯಿ ಕಂಡರೆ ಕೆರಳುವ ಸ್ವಭಾವದ್ದಕ್ಕೂ ಅಡ್ಡಿಯಿಲ್ಲ. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು 5 ಸಲ ಗಾಳಿ ಎಳೆದು ಬಿಡುತ್ತದೆ. ಬಿಟ್ಟ ಗಾಳಿ ಹೊಳ್ಳೆಗಳ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಎದುರಿನ ವಾಸನೆ ಕಲಕಿಹೋಗುವುದಿಲ್ಲ. ಡಬ್ಬವೊಂದನ್ನು ದಾಟಿಹೋದ ನಾಯಿ ಥಟ್ಟನೆ ಕತ್ತು ಹೊರಳಿಸಿ ಹಿಂದಿರುಗುತ್ತದೆ, ಉಸಿರಿನ ಸದ್ದು ಬದಲಾಗುತ್ತದೆ, ಮೂಗು ಒಂದು ಮೂಲೆಗೆ ಅಂಟಿಕೊಳ್ಳುತ್ತದೆ. ಆಗ ಜೊತೆಗಿದ್ದವರು ‘ಅಲರ್ಟ್’ ಎನ್ನಬೇಕು. ವಾಸನೆ ಎಲ್ಲಿದೆಯೆಂದು ಅವರಿಗೂ ಗೊತ್ತಿರುವುದಿಲ್ಲ.

ಈ ಗೊತ್ತಿಲ್ಲದಿರುವಿಕೆಯೇ ನನ್ನ ವಾದದ ತಿರುಳು. ನಾಯಿಯೊಡನೆ ನಮ್ಮ ಉಳಿದ ವ್ಯವಹಾರಗಳಲ್ಲೆಲ್ಲ ತಿಳಿದವರು ನಾವು, ಪಾಲಿಸುವುದು ಅದು. ಕೂರು ಎಂದಾಗ ಎಲ್ಲಿ, ಯಾಕೆ, ಎಷ್ಟು ಹೊತ್ತು ಎಂಬುದು ನಮ್ಮ ತಲೆಯಲ್ಲಿರುತ್ತದೆ. ಇಲ್ಲಿ ಅರಿವು ಅದರದು, ನಂಬುವ ಹೊಣೆ ನಮ್ಮದು. ಆದರೆ ಮನುಷ್ಯ ತನಗೆ ತಿಳಿದಿದೆ ಎಂದುಕೊಂಡ ಗಳಿಗೆಯಲ್ಲೇ ಈ ಸಾಕ್ಷ್ಯ ಕೆಡುತ್ತದೆ. ಲೆಕ್ಕ ಮಾಡುತ್ತದೆಂದು ಬರ್ಲಿನ್‌ನಲ್ಲಿ ಹೆಸರಾಗಿದ್ದ ಹಾನ್ಸ್ ಎಂಬ ಕುದುರೆ, ಪ್ರಶ್ನೆ ಕೇಳಿದವರ ಮೈಯ ಸಣ್ಣ ಚಲನೆಗಳನ್ನು ನೋಡಿ ಗೊರಸು ಬಡಿಯುತ್ತಿತ್ತೆಂದು 1907ರಲ್ಲಿ ಆಸ್ಕರ್ ಫಂಗ್ಸ್ಟ್ ತೋರಿಸಿಕೊಟ್ಟ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 18 ಪತ್ತೇದಾರಿ ನಾಯಿಗಳನ್ನೂ ಅವುಗಳ ಒಡನಾಡಿಗಳನ್ನೂ ಪರೀಕ್ಷಿಸಿದಾಗ ಅಲ್ಲಿ ಹುಡುಕಬೇಕಾದ ವಾಸನೆ ಎಲ್ಲೂ ಇರಲಿಲ್ಲ. ಕೆಂಪು ಕಾಗದವಿದ್ದ ಕಡೆ ವಾಸನೆ ಇದೆಯೆಂದು ಒಡನಾಡಿಗಳಿಗೆ ಹೇಳಲಾಗಿತ್ತು. ನಾಯಿಗೆ ಆಸೆ ಹುಟ್ಟಿಸಲು ಮಾಂಸ ಬಚ್ಚಿಟ್ಟಿದ್ದ ಕಡೆಗಳಿಗಿಂತ ಕೆಂಪು ಕಾಗದದ ಕಡೆಯೇ ಸುಳ್ಳು ‘ಪತ್ತೆ’ಗಳು ಹೆಚ್ಚು ವರದಿಯಾದವು. ಹಾಗಾದರೆ ನಾಯಿ ಆಪ್ತವಲ್ಲ, ನಮ್ಮದೇ ಮನಸ್ಸಿನ ಕನ್ನಡಿ ಎಂದು ಯಾರಾದರೂ ಹೇಳಬಹುದು. ಇದು ನಿಜಕ್ಕೂ ಗಟ್ಟಿಯಾದ ಆಕ್ಷೇಪ. ಆದರೆ ಆ ಪ್ರಯೋಗ ಬಯಲು ಮಾಡಿದ್ದು ಕೇಳುವವರ ದೋಷವನ್ನು. ತನಗೆ ಬೇಕಾದ ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕುವ ವಕೀಲನಿಂದ ಸಾಕ್ಷಿ ಸುಳ್ಳಾಗುವುದಿಲ್ಲ, ವಿಚಾರಣೆ ಸುಳ್ಳಾಗುತ್ತದೆ. ಅದಕ್ಕೇ ಈ ಆಟದಲ್ಲಿ ಬಚ್ಚಿಟ್ಟ ಜಾಗವನ್ನು ಒಡನಾಡಿಗೆ ಹೇಳದಿರುವ ನಿಯಮವನ್ನು ನಾನು ಬರೀ ಸ್ಪರ್ಧೆಯ ಕಟ್ಟುಪಾಡೆಂದು ನೋಡಲಾರೆ. ಅದು ನೀತಿಯ ನಿಯಮ.

ಇನ್ನು ತಿಳಿಸುವ ಇಚ್ಛೆಯ ಮಾತು. ಒಡೆಯನಿಗೆ ಗೊತ್ತಿಲ್ಲದ ಜಾಗದಲ್ಲಿ ತಿಂಡಿ ಬಚ್ಚಿಟ್ಟಾಗ ನಾಯಿಗಳು ಆ ಜಾಗವನ್ನೂ ಒಡೆಯನನ್ನೂ ಒಂದಾದ ಮೇಲೊಂದರಂತೆ ನೋಡುತ್ತ ತೋರಿಸಿಕೊಡುತ್ತವೆ ಎಂಬುದನ್ನು ಹಂಗೇರಿಯ ಆಡಮ್ ಮಿಕ್ಲೋಷಿ ಮತ್ತು ಸಂಗಡಿಗರು 2000ದಲ್ಲಿ ದಾಖಲಿಸಿದರು. ಅದೆಲ್ಲ ತಿಂಡಿಯಾಸೆ ಎನ್ನುವವರಿಗೆ ಸ್ವೀಡನ್‌ನಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವನ್ನು ನೆನಪಿಸಬೇಕು: ತಾವೇ ಕೆಲಸ ಮಾಡಿ ಬಹುಮಾನ ಗಳಿಸಿದ ನಾಯಿಗಳು, ಏನು ಮಾಡಿದರೂ ಮಾಡದಿದ್ದರೂ ಅದೇ ಬಹುಮಾನ ಪಡೆದ ನಾಯಿಗಳಿಗಿಂತ ಹೆಚ್ಚು ಉತ್ಸಾಹ ತೋರಿದವು. ಕೂಲಿ ಪಡೆಯುವುದರಿಂದ ಮಾತು ಸುಳ್ಳಾಗುವುದಾದರೆ ನಮ್ಮ ವೈದ್ಯರನ್ನೂ ಮೇಷ್ಟ್ರನ್ನೂ ನಂಬುವಂತಿಲ್ಲ.

ಬೆಳೆದ ನಾಯಿಗೆ ಈ ವಯಸ್ಸಿನಲ್ಲಿ ಹೊಸದೇಕೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದುಂಟು. ಈ ಆಟದಲ್ಲಿ ಬಗ್ಗಬೇಕಾದ್ದು ನಾಯಿಯಲ್ಲ. ಮೂಸುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ವರ್ಷಗಟ್ಟಲೆ ಹಗ್ಗ ಜಗ್ಗಿ, ‘ಬಾ, ನಡಿ’ ಎಂದು ಅದನ್ನು ತಡೆದವರು ನಾವು. ಕಲಿಕೆಯ ಮಾತಿಗೇ ಬಂದರೂ, ವಿಯೆನ್ನಾದಲ್ಲಿ 95 ಬಾರ್ಡರ್ ಕೋಲಿಗಳನ್ನು ಪರೀಕ್ಷಿಸಿದಾಗ ವಯಸ್ಸಾದವು ನಿಧಾನವಾಗಿ ಕಲಿತವು, ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ತರ್ಕಿಸಿ ಆರಿಸುವುದರಲ್ಲಿ ಎಳೆಯವನ್ನು ಮೀರಿಸಿದವು. 2019ರಲ್ಲಿ ಷಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾದದ್ದು. ಎರಡು ವಾರ ವಾಸನೆ ಹುಡುಕಿದ ಮನೆನಾಯಿಗಳು, ಒಳಗೆ ತಿಂಡಿ ಇದೆಯೋ ಇಲ್ಲವೋ ತಿಳಿಯದ ಬಟ್ಟಲಿನ ಕಡೆಗೆ ಮೊದಲಿಗಿಂತ ಬೇಗ ಹೋದವು, ಎಂದರೆ ಒಳ್ಳೆಯದನ್ನೇ ನಿರೀಕ್ಷಿಸಿದವು. ಅಷ್ಟೇ ದಿನ ಒಡೆಯನ ಕಾಲಿಗಂಟಿ ನಡೆಯುವುದನ್ನು ಅಭ್ಯಾಸ ಮಾಡಿದವುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ಎರಡು ಗುಂಪಿಗೂ ಒಡೆಯನ ಸಹವಾಸ ಸಿಕ್ಕಿತ್ತು, ತಿಂಡಿ ಸಿಕ್ಕಿತ್ತು. ಒಂದಕ್ಕೆ ಮಾತ್ರ ತನ್ನದೇ ನಿರ್ಧಾರ ಸಿಕ್ಕಿತ್ತು.

ರಿಬ್ಬನ್ನು, ಪದವಿ, ಸಮಯದ ಲೆಕ್ಕ ಇವೆಲ್ಲ ಮನುಷ್ಯರ ಹಂಬಲ, ನಾಯಿಗೇನು ಎಂಬ ಮಾತು ಸರಿಯೇ. ಅವನ್ನು ಬಿಟ್ಟರೂ ಆಟಕ್ಕೆ ನಷ್ಟವಿಲ್ಲ. ಮನೆಯಲ್ಲಿ ಬೆಳೆದ ನಾಯಿ ಇದ್ದವರು ಪಶುವೈದ್ಯರಿಗೆ ಒಮ್ಮೆ ಕೀಲುಗಳನ್ನು ತೋರಿಸಿ, ಬಿಸಿಲಿಲ್ಲದ ಹೊತ್ತಿನಲ್ಲಿ ನಾಲ್ಕಾರು ರಟ್ಟಿನ ಡಬ್ಬಗಳನ್ನಿಟ್ಟು ಶುರುಮಾಡಬಹುದು. ತೇಕುವ ನಾಯಿ ಸರಿಯಾಗಿ ಮೂಸಲಾರದು, ಆದ್ದರಿಂದ ಕೆಲವೇ ನಿಮಿಷ ಸಾಕು. ಆಟ ರೂಢಿಯಾದ ಮೇಲೆ ತಿಂಡಿ ಬಚ್ಚಿಡುವ ಕೆಲಸವನ್ನು ಮನೆಯ ಬೇರೆ ಯಾರಿಗಾದರೂ ಒಪ್ಪಿಸಿ. ನೀವು ಬಾಗಿಲಾಚೆ ನಿಂತಿರಿ, ಎಲ್ಲಿಟ್ಟರೆಂದು ಕೇಳಬೇಡಿ.