ಗಮನದ ಒಡೆತನ ಯಾರದು?

ವಿದ್ಯಾರ್ಥಿಯ ಕಣ್ಣ ಮುಂದೆ ಏನು ಬರಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ಗೊತ್ತುಮಾಡುವ ಹಕ್ಕು ಯಾರದು? ಈ ಪ್ರಶ್ನೆಗೆ ಹಿಂದೆ ಗುರು, ಶಾಸ್ತ್ರ, ಪಠ್ಯಪುಸ್ತಕ ಎಂಬ ಉತ್ತರಗಳಿದ್ದವು. ಆರಿಸಿದವರು ಯಾರೆಂದು ಗೊತ್ತಿದ್ದುದರಿಂದ ಅವರೊಡನೆ ವಾದಕ್ಕಿಳಿಯಲೂ ಬರುತ್ತಿತ್ತು. ಇಂದು ಹೈಸ್ಕೂಲು ಹುಡುಗಿಯೊಬ್ಬಳು ಮೊಬೈಲ್ ತೆರೆದ ಕೂಡಲೇ ಕಾಣುವುದನ್ನು ಆರಿಸಿದ್ದು ಅವಳೂ ಅಲ್ಲ, ಅವಳ ಮೇಷ್ಟ್ರೂ ಅಲ್ಲ. ಫೇಸ್‌ಬುಕ್ 2009ರಲ್ಲೇ ತನ್ನ ನ್ಯೂಸ್ ಫೀಡಿನಲ್ಲಿ ಕಾಲಕ್ರಮಕ್ಕಿಂತ ಜನಪ್ರಿಯತೆಗೆ ಮೊದಲ ಮಣೆ ಹಾಕಿತು. 2016ರಲ್ಲಿ ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಕೂಡ ಆ ಹಾದಿ ಹಿಡಿದವು. ಇದಕ್ಕೆ ಬದಲಾಗಿ, ಓದುಗರೇ ಆರಿಸಿದ ಜಾಲತಾಣಗಳ ಹೊಸ ಬರಹಗಳನ್ನು ತಂದಿಡುವ ಫೀಡ್ ರೀಡರ್ ಅನ್ನು ಶಾಲೆಯಲ್ಲಿ ಬಳಸುವುದನ್ನು ಸಮರ್ಥಿಸುವವರು ಸಾಮಾನ್ಯವಾಗಿ ಅನುಕೂಲದ ಮಾತಾಡುತ್ತಾರೆ: ಹತ್ತು ಜಾಲತಾಣ ಸುತ್ತುವ ಬದಲು ಎಲ್ಲವೂ ಒಂದೇ ಕಡೆ ಸಿಗುತ್ತದೆ, ಸಮಯ ಉಳಿಯುತ್ತದೆ. ಅದು ನಿಜ. ಆದರೆ ಈ ಸಣ್ಣ ಸಲಕರಣೆಯ ನಿಜವಾದ ಬೆಲೆ ಅನುಕೂಲದಲ್ಲಿಲ್ಲ. ಕಳೆದುಹೋಗಿರುವ ಆಯ್ಕೆಯ ಹೊಣೆಯನ್ನು ಅದು ವಿದ್ಯಾರ್ಥಿಯ ಕೈಗೆ ಮರಳಿಸುತ್ತದೆ, ಹಾಗಾಗಿ ಇದು ಧರ್ಮದ ವಿಚಾರ ಎಂಬುದು ನನ್ನ ವಾದ.

ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ದೀರ್ಘಾಯುಷ್ಯ, ಆನೆ ಕುದುರೆ, ಚಿನ್ನ, ರಥವೇರಿ ಬಂದ ಚೆಲುವೆಯರು ಎಲ್ಲವನ್ನೂ ಒಡ್ಡುತ್ತಾನೆ. ಹುಡುಗ ಬೇಡವೆನ್ನುತ್ತಾನೆ. ಆಮೇಲೆ ಯಮ ಹೇಳುವ ಮಾತಿನ ತಿರುಳಿಷ್ಟು: ಒಳಿತಾದ ಶ್ರೇಯಸ್ಸು, ಪ್ರಿಯವಾದ ಪ್ರೇಯಸ್ಸು ಎರಡೂ ಮನುಷ್ಯನ ಬಳಿಗೆ ಬರುತ್ತವೆ, ಎರಡನ್ನೂ ಸುತ್ತಿ ನೋಡಿ ಬೇರ್ಪಡಿಸುವವನೇ ಧೀರ. ಈ ಕಥೆಯನ್ನು ನಾವು ಪ್ರಲೋಭನೆಯನ್ನು ಗೆದ್ದ ಕಥೆಯಾಗಿಯೇ ಓದುತ್ತೇವೆ. ಎರಡೂ ಬರುತ್ತವೆ ಎಂಬ ಅಂಶದ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ. ಎರಡೂ ಎದುರಿಗಿದ್ದಾಗ ಮಾತ್ರ ವಿವೇಕಕ್ಕೆ ಕೆಲಸ. ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತೆಂದು ಅಳೆದು ಅದರಂತೆಯೇ ಮುಂದಿನದನ್ನು ತಂದೊಡ್ಡುವ ಅಲ್ಗಾರಿದಮ್ ಕೆಟ್ಟದ್ದನ್ನೇ ತೋರಿಸುತ್ತದೆ ಎಂದು ನಾನು ದೂರುತ್ತಿಲ್ಲ. ಎಷ್ಟೋ ಸಲ ಅದು ಒಳ್ಳೆಯದನ್ನೂ ತೋರಿಸುತ್ತದೆ. ಆದರೆ ಒಳ್ಳೆಯದು ಬಂದರೂ ಪ್ರಿಯವೆಂಬ ಕಾರಣಕ್ಕೆ ಬಂದಿರುತ್ತದೆ. ಬೇರ್ಪಡಿಸುವ ಅಭ್ಯಾಸಕ್ಕೆ ಅಲ್ಲಿ ಎಡೆಯೇ ಸಿಗದು.

ಫೀಡ್ ಎಂಬುದು ಬಹಳ ಸರಳ ವಸ್ತು. ಜಾಲತಾಣವೊಂದು ತನ್ನ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ, ಚುಟುಕು ಸಾರಾಂಶವನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಓದುಗರ ಫೀಡ್ ರೀಡರ್ ಆಗಾಗ ಹೋಗಿ ನೋಡಿ, ಹೊಸದಿದ್ದರೆ ತಂದಿಡುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಆರ್‌ಎಸ್‌ಎಸ್ ಎಂಬ ಫೀಡ್ ರೂಪದ ಮೊದಲ ಆವೃತ್ತಿಯನ್ನು ಹೊರತಂದಾಗ ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. 2005ರಲ್ಲಿ ಆ್ಯಟಮ್ ಎಂಬ ಇನ್ನೊಂದು ರೂಪ ಮಾನಕವಾಯಿತು. ಪಾಡ್‌ಕಾಸ್ಟ್‌ಗಳು ಇವತ್ತಿಗೂ ಹಂಚಿಕೆಯಾಗುವುದು ಹೆಚ್ಚಾಗಿ ಆರ್‌ಎಸ್‌ಎಸ್ ದಾರಿಯಲ್ಲೇ. ಇಲ್ಲಿ ನನಗೆ ಮುಖ್ಯವಾದವು ಎರಡು ಗುಣಗಳು. ಬರಹಗಳು ಬಂದ ಹೊತ್ತಿನ ಕ್ರಮದಲ್ಲಿ ನಿಲ್ಲುತ್ತವೆ, ಯಾವುದೂ ಇನ್ನೊಂದನ್ನು ತಳ್ಳಿ ಮುಂದೆ ಬರುವುದಿಲ್ಲ. ಇನ್ನೊಂದು, ಓದುವುದು ಮುಗಿಯುತ್ತದೆ. ಕೊನೆಯ ಸಾಲು ದಾಟಿದರೆ ಮತ್ತೇನೂ ಇರುವುದಿಲ್ಲ. ಮುಗಿಯದ ಓದಿನಲ್ಲಿ ಮನನಕ್ಕೆ ಬಿಡುವೆಲ್ಲಿ?

ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಪ್ರಕಟಿಸುವ ಭೂಕಂಪಗಳ ಫೀಡನ್ನೇ ತೆಗೆದುಕೊಳ್ಳಿ. ಎಲ್ಲೋ ನೆಲ ನಡುಗಿದ ಸ್ವಲ್ಪ ಹೊತ್ತಿಗೇ ಒಂದು ನಮೂದು ಬೀಳುತ್ತದೆ: ತೀವ್ರತೆ ಇಷ್ಟು, ಜಾಗ ಇದು, ಸಮಯ ಇದು. ಮೊದಲ ಲೆಕ್ಕ ಸಾಮಾನ್ಯವಾಗಿ ಯಂತ್ರದ್ದು. ಆಮೇಲೆ ತಜ್ಞರು ದತ್ತಾಂಶ ಪರಿಶೀಲಿಸಿದಾಗ ಅದೇ ನಮೂದಿನ ತೀವ್ರತೆ ಒಂದೆರಡು ದಶಾಂಶ ಏರಬಹುದು, ಇಳಿಯಬಹುದು. ಆ್ಯಟಮ್ ಮಾನಕದಲ್ಲಿ ಪ್ರಕಟವಾದ ಹೊತ್ತನ್ನು ಹೇಳುವ ಒಂದು ಜಾಗವಿದ್ದರೆ, ತಿದ್ದಿದ ಹೊತ್ತನ್ನು ಹೇಳಲು ಬೇರೆಯೇ ಜಾಗವಿದೆ, ಎರಡನೆಯದು ಕಡ್ಡಾಯ. ಭೂಗೋಳದ ಪಾಠದಲ್ಲಿ ರಿಕ್ಟರ್ ಮಾಪಕದ ವಿವರಣೆ ಬಾಯಿಪಾಠ ಮಾಡಿದ ಮಕ್ಕಳು ಈ ಭೂಕಂಪಗಳ ಫೀಡನ್ನು ಒಂದು ವಾರ ಗಮನಿಸಿದರೆ ಪುಸ್ತಕ ಹೇಳದ ಸಂಗತಿಯೊಂದು ಕಾಣುತ್ತದೆ: ತಿಳಿವಳಿಕೆ ಅಳತೆಯಿಂದ ಹುಟ್ಟುತ್ತದೆ, ಮರುಪರೀಕ್ಷೆಯಿಂದ ಗಟ್ಟಿಯಾಗುತ್ತದೆ. ಪ್ರಮಾಣ ಯಾವುದು, ಭ್ರಮೆ ಯಾವುದು ಎಂದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ಆ ವಾದದ ಹೊಸಿಲಿಗೆ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆತರಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.

ಇದಕ್ಕೆ ಬರುವ ಅತಿ ಬಲವಾದ ಆಕ್ಷೇಪವೆಂದರೆ, ಮೇಷ್ಟ್ರು ಫೀಡುಗಳ ಪಟ್ಟಿ ಮಾಡಿಕೊಟ್ಟರೆ ಅಲ್ಗಾರಿದಮ್ಮಿನ ಜಾಗಕ್ಕೆ ಮೇಷ್ಟ್ರು ಬಂದರಷ್ಟೇ, ವಿದ್ಯಾರ್ಥಿ ಅದೇ ಪರಾಧೀನ ಎಂಬುದು. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಶಿಕ್ಷಕರಿಗೂ ಪಕ್ಷಪಾತವಿರುತ್ತದೆ, ಜಾತಿ, ಪಕ್ಷ, ಮತದ ಒಲವುಗಳು ಪಟ್ಟಿಯೊಳಗೆ ಸದ್ದಿಲ್ಲದೆ ನುಸುಳುತ್ತವೆ. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಮೇಷ್ಟ್ರ ಪಟ್ಟಿಯನ್ನು ಓದಬಹುದು. ಇದೇಕೆ ಇದೆ, ಅದೇಕಿಲ್ಲ ಎಂದು ಎದ್ದುನಿಂತು ಕೇಳಬಹುದು. ಉಪನಿಷತ್ತುಗಳ ಶಿಷ್ಯರು ಹಾಗೆ ಕೇಳಿದ್ದರಿಂದಲೇ ಅವು ಸಂವಾದಗಳಾಗಿ ಉಳಿದಿವೆ. ಯಂತ್ರದ ಆಯ್ಕೆ ಒಬ್ಬೊಬ್ಬರಿಗೆ ಒಂದೊಂದು. ಪಕ್ಕದ ಬೆಂಚಿನವಳಿಗೆ ಏನು ಕಂಡಿತೆಂದೇ ತಿಳಿಯದಿದ್ದರೆ ತರಗತಿ ಸೇರಿ ಚರ್ಚಿಸುವುದೇನನ್ನು? ಆದ್ದರಿಂದ ಪಟ್ಟಿ ಮೇಷ್ಟ್ರಿಂದ ಶುರುವಾಗಲಿ, ಆದರೆ ಅಲ್ಲೇ ನಿಲ್ಲದಿರಲಿ. ಪ್ರತಿ ತಿಂಗಳೂ ಒಬ್ಬ ವಿದ್ಯಾರ್ಥಿ ಒಂದು ಮೂಲವನ್ನು ಸೇರಿಸಿ, ಒಂದನ್ನು ತೆಗೆದು, ಎರಡಕ್ಕೂ ಕಾರಣ ಬರೆಯಲಿ. ತೆಗೆಯುವುದಕ್ಕೆ ಕಾರಣ ಬರೆಯುವುದು ಸೇರಿಸುವುದಕ್ಕಿಂತ ಕಷ್ಟ, ಅದಕ್ಕೇ ಅದು ಹೆಚ್ಚು ಕಲಿಸುತ್ತದೆ.

ತಾವೇ ಆರಿಸುವವರು ತಮಗೆ ಒಪ್ಪುವುದನ್ನೇ ಆರಿಸುವುದಿಲ್ಲವೇ ಎಂದರೆ, ಆರಿಸಬಹುದು. ಆಗಲೂ ಆ ಸಂಕುಚಿತತೆ ಪಟ್ಟಿಯಾಗಿ ಕಣ್ಣೆದುರಿಗಿರುತ್ತದೆ, ತಿದ್ದಿಕೊಳ್ಳಲು ಬರುತ್ತದೆ. ಇಂಥ ಸಲಕರಣೆಗಳು ಇದ್ದಕ್ಕಿದ್ದಂತೆ ಮುಚ್ಚಿಹೋಗುತ್ತವೆ ಎಂಬ ಮಾತಿಗೂ ಆಧಾರವಿದೆ. 2013ರ ಜುಲೈ 1ರಂದು ಗೂಗಲ್ ರೀಡರ್ ನಿಂತಿತು. ಆದರೆ ಚಂದಾ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡವರು ಬೇರೆ ರೀಡರಿಗೆ ಹೋಗಿ ಓದು ಮುಂದುವರಿಸಿದರು, ಏಕೆಂದರೆ ಫೀಡುಗಳಿದ್ದದ್ದು ಗೂಗಲ್‌ನಲ್ಲಲ್ಲ.

ಮಕ್ಕಳಿಗೆ ಇದು ಸಪ್ಪೆ ಎನಿಸುತ್ತದೆ ಎಂಬುದು ಕೊನೆಯ ತಕರಾರು. ಫ್ರಾನ್ಸಿನ ಚಿಂತಕಿ ಸಿಮೋನ್ ವೇಲ್ 1942ರಲ್ಲಿ ಶಾಲಾ ಅಭ್ಯಾಸ ಮತ್ತು ದೈವಪ್ರೀತಿಯ ಸಂಬಂಧ ಕುರಿತು ಬರೆದ ಪ್ರಬಂಧದಲ್ಲಿ ಗಮನವನ್ನೇ ಪ್ರಾರ್ಥನೆಯ ಸತ್ವವೆಂದು ಕಂಡಳು. ಆಕೆಯ ಪ್ರಕಾರ ಜ್ಯಾಮಿತಿಯ ಲೆಕ್ಕ ಬಿಡಿಸಲಾಗದಿದ್ದರೂ ಅದರ ಮೇಲೆ ಮನಸ್ಸಿಟ್ಟ ಹೊತ್ತು ವ್ಯರ್ಥವಲ್ಲ. ದೇವರನ್ನು ನಂಬದ ಶಿಕ್ಷಕರೂ ಇದನ್ನು ಒಪ್ಪಬಹುದು. ರಂಜನೆಯಿಲ್ಲದ ಜಾಗದಲ್ಲಿ ಮನಸ್ಸನ್ನು ನಿಲ್ಲಿಸುವುದು ಕಲಿತು ಬರುವ ಶಕ್ತಿ. ಅದನ್ನು ಶಾಲೆ ಕಲಿಸದಿದ್ದರೆ ಮತ್ತಾರೂ ಕಲಿಸುವುದಿಲ್ಲ.

ಕನ್ನಡದ ಶಾಲೆಗಳಿಗೆ ಇದು ದೂರದ ಮಾತಲ್ಲ. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಬದಲಾವಣೆಗಳಿಗೂ ಆ್ಯಟಮ್ ಫೀಡ್ ಇದೆ. ತಮ್ಮ ತಾಲ್ಲೂಕಿನ ಪುಟಕ್ಕೆ ಚಂದಾದಾರರಾದ ಮಕ್ಕಳು ಯಾರು ಯಾವ ಸಾಲು ಸೇರಿಸಿದರು, ಆಧಾರ ಕೊಟ್ಟರೇ ಇಲ್ಲವೇ ಎಂದು ನೋಡಬಹುದು, ತಪ್ಪಿದ್ದರೆ ತಾವೇ ತಿದ್ದಬಹುದು. ಫೀಡ್ ಕೊಡದ ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಅದನ್ನು ಕೇಳಿ ತರಗತಿಯ ಹೆಸರಿನಲ್ಲಿ ಒಂದು ಪತ್ರ ಬರೆಯುವುದೂ ಆ ವರ್ಷದ ಪಾಠದಲ್ಲೇ ಸೇರಲಿ.