ಬಳ್ಳಿಯಲ್ಲಿ ಉಳಿದ ರಕ್ತ

ಕೂಸು ಹುಟ್ಟಿದ ಮನೆಯಲ್ಲಿ ಹೊಕ್ಕುಳಬಳ್ಳಿಗೆ ಅದರದೇ ಒಂದು ಮರ್ಯಾದೆ ಉಂಟು. ಒಣಗಿ ಬಿದ್ದ ತುಂಡನ್ನು ಕೆಲವರು ಮಣ್ಣಿನಲ್ಲಿ ಹೂಳುತ್ತಾರೆ, ಕೆಲವರು ತಾಯತದಲ್ಲಿಟ್ಟು ಕೂಸಿಗೆ ಕಟ್ಟುತ್ತಾರೆ. ಒಂಬತ್ತು ತಿಂಗಳು ಅನ್ನ ನೀರು ಹರಿದುಬಂದ ದಾರಿಯನ್ನು ಕಸದ ಬುಟ್ಟಿಗೆ ಎಸೆಯಲು ಯಾರಿಗೂ ಮನಸ್ಸು ಬಾರದು. ಕರುಳಬಳ್ಳಿ ಎಂಬುದು ನಮ್ಮಲ್ಲಿ ಬರಿಯ ಶರೀರದ ಮಾತಲ್ಲ, ಸಂಬಂಧದ ಮಾತು. ಆ ಮಾತಿನ ಮೇಲೆಯೇ ಈಗ ಒಂದು ವ್ಯಾಪಾರ ನಡೆದಿದೆ.

ನನ್ನ ತಂಗಿಯ ಮಗಳು ಹುಮನಾಬಾದಿನಲ್ಲಿದ್ದಾಳೆ. ಬಸುರಿಯಾಗಿದ್ದಾಗ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ತೋರಿಸಿಕೊಳ್ಳಲು ಹೋದವಳು ಬರುವಾಗ ಬಣ್ಣದ ಕಾಗದವೊಂದನ್ನು ತಂದಳು. ಹೆರಿಗೆಯಾದೊಡನೆ ಬಳ್ಳಿಯ ರಕ್ತವನ್ನು ತೆಗೆದು, ಅದರಲ್ಲಿನ ಸ್ಟೆಮ್ ಸೆಲ್ಲುಗಳನ್ನು ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಕಾಪಾಡುತ್ತಾರಂತೆ. ಮುಂದೆ ಮಗುವಿಗೆ ಕ್ಯಾನ್ಸರ್ ಬಂದರೂ ಭಯವಿಲ್ಲವಂತೆ. ಹತ್ತಾರು ಸಾವಿರ ರೂಪಾಯಿ, ಬೇಕಾದರೆ ಕಂತಿನಲ್ಲಿ. "ದೊಡ್ಡವ್ವ, ಇಷ್ಟು ರೊಕ್ಕ ಕಟ್ಟೂದು ಕಷ್ಟ ಅದ. ಆದ್ರ ಕಟ್ಟಲಿಲ್ಲ ಅಂದ್ರ, ನಾಳೆ ಏನರ ಆದ್ರ ನನ್ನ ಮನಸ್ಸು ನನಗ ಬಿಡ್ತದೇನು?" ಎಂದು ಕೇಳಿದಳು.

ಈ ಪ್ರಶ್ನೆಗೆ ಹೌದು ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಮೊದಲು ವಿಷಯವೇನೆಂದು ತಿಳಿಯಬೇಕು.

ನಮ್ಮ ರಕ್ತದ ಕಣಗಳು ದಿನವೂ ಸಾಯುತ್ತವೆ, ದಿನವೂ ಹೊಸದಾಗಿ ಹುಟ್ಟುತ್ತವೆ. ಹುಟ್ಟಿಸುವ ತಾಯಿಕೋಶಗಳು ಎಲುಬಿನ ಮಜ್ಜೆಯಲ್ಲಿವೆ. ಇವೇ ಸ್ಟೆಮ್ ಸೆಲ್. ಕನ್ನಡದಲ್ಲಿ ಆಕರಕೋಶ ಎನ್ನುತ್ತಾರೆ. ಇಂಥ ಕೋಶಗಳಿವೆ ಎಂಬುದನ್ನು 1961ರಲ್ಲಿ ಕೆನಡಾದ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕ್ಯುಲಕ್ ಎಂಬ ಇಬ್ಬರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಹೊಕ್ಕುಳಬಳ್ಳಿಯ ರಕ್ತದಲ್ಲೂ ಇವು ಇರುತ್ತವೆ. 1988ರಲ್ಲಿ ಪ್ಯಾರಿಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ, ಫ್ಯಾಂಕೋನಿ ರಕ್ತಹೀನತೆಯಿದ್ದ ಒಬ್ಬ ಹುಡುಗನಿಗೆ ಅವನ ಹಸುಗೂಸು ತಂಗಿಯ ಬಳ್ಳಿಯ ರಕ್ತ ಕೊಟ್ಟು ಬದುಕಿಸಿದರು. ಆದ್ದರಿಂದ ಕಾಗದದಲ್ಲಿದ್ದುದು ಪೂರಾ ಸುಳ್ಳಲ್ಲ. ಆದರೆ ಒಂದು ಮಾತು ಗಮನಿಸಿ: ಆ ಹುಡುಗನನ್ನು ಉಳಿಸಿದ್ದು ಅವನದೇ ರಕ್ತವಲ್ಲ, ತಂಗಿಯದು.

ಈ ಆಕರಕೋಶಗಳನ್ನೇ ಬದುಕಿನ ಕೆಲಸ ಮಾಡಿಕೊಂಡ ಒಬ್ಬ ಹೆಣ್ಣುಮಗಳು ನಮ್ಮ ಬೆಂಗಳೂರಿನಲ್ಲಿದ್ದಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬಹುಕಾಲ ಸಂಶೋಧನೆ ನಡೆಸಿದ ಮನೀಷಾ ಇನಾಮದಾರ್. 2003ರ ಸುಮಾರಿಗೆ ಅವರ ತಂಡ ಒಂದು ಹೊಸ ಜೀನನ್ನು ವಿವರಿಸಿ ಅದಕ್ಕೆ 'ಅಸೃಜ್' ಎಂದು ಹೆಸರಿಟ್ಟಿತು. ಸಂಸ್ಕೃತದಲ್ಲಿ ಹಾಗೆಂದರೆ ರಕ್ತ. ಆ ಒಂದು ಜೀನು ಏನು ಮಾಡುತ್ತದೆಂದು ತಿಳಿಯಲು ಮೊದಲು ಇಲಿಯ ಭ್ರೂಣ, ನಂತರ ಹಣ್ಣಿನ ನೊಣ, ಮತ್ತೆ ಇಲಿ ಎಂದು ವರ್ಷಗಳೇ ಹಿಡಿದವು. 2019ರಲ್ಲಿ ಅವರ ತಂಡ ಪ್ರಕಟಿಸಿದ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆರೋಗ್ಯವಂತ ರಕ್ತದ ಆಕರಕೋಶಗಳಲ್ಲಿ ಬಹುಪಾಲು ಸುಮ್ಮನಿರುತ್ತವೆ. ಬೇಕಾದಾಗ ಮಾತ್ರ ಏಳುತ್ತವೆ. ಅಸೃಜ್ ಇಲ್ಲದ ಇಲಿಗಳಲ್ಲಿ ಈ ಸುಮ್ಮನಿರುವ ಗುಣವೇ ಕೆಡುತ್ತದೆ. ಕ್ಯಾನ್ಸರಿಗೆ ತಡೆಯೊಡ್ಡುವ ಪಿ53 ಎಂಬ ಕಾವಲುಗಾರ ಪ್ರೋಟೀನು ತಗ್ಗುತ್ತದೆ, ಕೋಶಗಳು ಹೆಚ್ಚುತ್ತ ಹೋಗುತ್ತವೆ, ವಯಸ್ಸಾದಂತೆ ರಕ್ತಕಣಗಳು ಮಿತಿಮೀರುವ ರೋಗ ಕಾಣಿಸಿಕೊಳ್ಳುತ್ತದೆ. ಜೀವ ಕೊಡುವ ಕೋಶವೇ ಸಾಕು ಎನ್ನುವುದನ್ನು ಮರೆತರೆ ಜೀವ ತೆಗೆಯುವ ಹಾದಿ ಹಿಡಿಯುತ್ತದೆ.

ಇದೇ ಸಂಶೋಧಕಿ 2009ರಲ್ಲಿ ಮನುಷ್ಯ ಭ್ರೂಣದಿಂದ ಎರಡು ಆಕರಕೋಶ ಸಂತತಿಗಳನ್ನು ಬೆಳೆಸಿದ ವರದಿಯನ್ನು ಪ್ರಕಟಿಸಿದರು. ಅದಕ್ಕೆ ಬಳಸಿದ್ದು ಗರ್ಭಕ್ಕೆ ಸೇರಿಸಲು ತಕ್ಕುದಲ್ಲವೆಂದು ಬಿಟ್ಟ ಭ್ರೂಣಗಳನ್ನು. ಮಕ್ಕಳಿಗಾಗಿ ಹಂಬಲಿಸಿ ಚಿಕಿತ್ಸೆ ಪಡೆಯುವ ಹೆಣ್ಣಿಗೆ ಆ ಚುಕ್ಕೆಯಷ್ಟು ಜೀವವೂ ಎಂಥದ್ದೆಂದು ನಮಗೆ ಹೇಳಿಕೊಡಬೇಕಿಲ್ಲ. ತನಗೆ ಒದಗದ್ದು ಇನ್ನೊಬ್ಬರ ಅರಿವಿಗಾದರೂ ಒದಗಲಿ ಎನ್ನುವ ಮನಸ್ಸಿಲ್ಲದೆ ಇಂಥ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗದು.

ಇನ್ನು ಕಾಗದದ ವಿಷಯ. ಮಗುವಿಗೆ ಥಲಸ್ಸೇಮಿಯಾದಂಥ ಹುಟ್ಟುರೋಗವಿದ್ದರೆ ಅದರ ದೋಷ ಬಳ್ಳಿಯ ರಕ್ತದಲ್ಲೂ ಇರುತ್ತದೆ. ತನ್ನ ರಕ್ತ ತನಗೇ ಔಷಧವಾಗದು. ರಕ್ತದ ಕ್ಯಾನ್ಸರಿನಲ್ಲೂ ಸಾಮಾನ್ಯವಾಗಿ ಬೇರೆಯವರ ಕೋಶವನ್ನೇ ಹುಡುಕುತ್ತಾರೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೇಳಿದಂತೆ, ಮೊದಲ 20 ವರ್ಷಗಳಲ್ಲಿ ಸ್ವಂತ ಬಳ್ಳಿಯ ರಕ್ತ ಬಳಕೆಗೆ ಬರುವ ಸಂಭವ ಶೇಕಡಾ 0.04ರಿಂದ 0.0005. ಐಸಿಎಂಆರ್ ಕೂಡ ಸ್ವಂತಕ್ಕೆಂದು ಹೀಗೆ ಕೂಡಿಡುವುದನ್ನು ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಮೊದಲ ಮಗುವಿಗೆ ಅಂಥ ಕಾಯಿಲೆಯಿದ್ದು, ವೈದ್ಯರೇ ತಮ್ಮನದೋ ತಂಗಿಯದೋ ರಕ್ತ ಇಡಿ ಎಂದರೆ ಅದು ಬೇರೆ ಮಾತು.

ಇದನ್ನೆಲ್ಲ ಓದುವಾಗ ನನಗೆ ಪಕ್ಕದ ಬಸವಕಲ್ಯಾಣದ ನೆನಪಾಯಿತು. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿ ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಬಡತನದ ಮನೆಯ ಹೆಂಗಸು, ನಾಳೆಯ ಚಿಂತೆ ಅವಳಿಗಿಂತ ಹೆಚ್ಚು ಯಾರಿಗಿದ್ದೀತು? ಆದರೂ ಬೇಡ ಎಂದಳು.

ಈ ಕಥೆ ನನಗೆ ಎಂದೂ ಸಲೀಸಾಗಿ ಒಗ್ಗಿಲ್ಲ ಎಂದು ಹೇಳಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಕೇಳುತ್ತ ಬೆಳೆದವರು ನಾವು. ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟ ನೂರು ರೂಪಾಯಿ ಎಷ್ಟು ಮನೆಗಳ ಮಾನ ಕಾಪಾಡಿಲ್ಲ! ಕೂಡಿಡುವ ಹೆಂಗಸನ್ನು ಆಸೆಬುರುಕಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅವಶ್ಯಕತೆಗಾಗಿ ಕೂಡಿಡುವುದು ಒಂದು, ಅಂಜಿಕೆಗಾಗಿ ಕೂಡಿಡುವುದು ಇನ್ನೊಂದು. ಅವಶ್ಯಕತೆಗೆ ಒಂದು ಅಳತೆಯಿದೆ, ಅಂಜಿಕೆಗೆ ಇಲ್ಲ. ಲಕ್ಕಮ್ಮನಿಗೆ ತಿಳಿದಿದ್ದುದು ಆ ಅಳತೆ. ಬಣ್ಣದ ಕಾಗದ ಮಾರುವುದು ಅಂಜಿಕೆಯನ್ನು, ಅದೂ ತಾಯ್ತನದ ಹೆಸರಿನಲ್ಲಿ. ರೊಕ್ಕ ಕಟ್ಟಿದವಳು ಒಳ್ಳೆಯ ತಾಯಿ ಎಂದಾದರೆ, ಕಟ್ಟಲಾಗದ ಬಡವಿ ಏನಾದಳು? ಪ್ರೀತಿಗೆ ರಸೀದಿ ಕೇಳುವುದನ್ನು ನಾವು ಒಪ್ಪಬಾರದು.

"ಹಾಗಾದರೆ ದಾನ ಮಾಡೋಣ" ಎಂದರೆ, ನಮ್ಮ ಹುಮನಾಬಾದು ಬಸವಕಲ್ಯಾಣದ ಹೆರಿಗೆ ಕೋಣೆಯಲ್ಲಿ ಬಳ್ಳಿಯ ರಕ್ತವನ್ನು ಪರರಿಗೆಂದು ಕೊಡುವುದು ಸುಲಭದ ಮಾತಲ್ಲ. ಆದರೆ ಆ ರಕ್ತಕ್ಕೆ ಇನ್ನೊಬ್ಬ ವಾರಸುದಾರನಿದ್ದಾನೆ. ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸದೆ ತುಸು ಕಾದರೆ ಅದು ತಾನಾಗಿ ಕೂಸಿನ ಮೈಗೆ ಹರಿಯುತ್ತದೆ. ಒಂದು ನಿಮಿಷದಲ್ಲಿ ಸುಮಾರು 80 ಮಿಲಿಲೀಟರು, ಮೂರು ನಿಮಿಷದಲ್ಲಿ ಸುಮಾರು 100. ಅದರಲ್ಲಿನ ಕಬ್ಬಿಣಾಂಶ ಮುಂದಿನ ತಿಂಗಳುಗಳಲ್ಲಿ ಮಗುವನ್ನು ರಕ್ತಹೀನತೆಯಿಂದ ಕಾಯುತ್ತದೆ. ಒಂದು ನಿಮಿಷಕ್ಕಿಂತ ಮೊದಲು ಬಳ್ಳಿ ಕಟ್ಟಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದೆ. ಕೂಸಿಗೆ ಉಸಿರಾಟದ ತೊಂದರೆಯಿದ್ದರೆ ಮಾತ್ರ ವೈದ್ಯರ ತೀರ್ಮಾನ ಬೇರೆಯಾದೀತು. ರಕ್ತಹೀನತೆ ನಮ್ಮ ಭಾಗದ ತಾಯಿ ಮಕ್ಕಳಿಗೆ ಎಷ್ಟು ಹತ್ತಿರದ ನೆಂಟಸ್ತಿಕೆಯೆಂಬುದು ಎಲ್ಲರಿಗೂ ಗೊತ್ತು. ಎಂದೋ ಬರಬಹುದಾದ ರೋಗಕ್ಕೆಂದು ಕೂಡಿಡಲು, ಇಂದು ಮಗುವಿಗೆ ಸಲ್ಲಬೇಕಾದ ರಕ್ತವನ್ನು ತೆಗೆಯುವುದು ಯಾವ ಲೆಕ್ಕ?

ತಂಗಿಯ ಮಗಳಿಗೆ ಇದನ್ನೇ ಹೇಳಿದೆ. ಹೆರಿಗೆಗೆ ಮೊದಲೇ ಡಾಕ್ಟರಮ್ಮನನ್ನು ಕೇಳು, ಬಳ್ಳಿ ಕತ್ತರಿಸುವ ಮೊದಲು ತುಸು ಕಾಯಲು ಆದೀತೇ ಎಂದು. ಕೊಡುವ ಮನಸ್ಸಿದ್ದರೆ ಅದಕ್ಕೂ ದಾರಿಯಿದೆ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್‌ನಂಥ ಸಂಸ್ಥೆಗಳು 18 ತುಂಬಿದ ಆರೋಗ್ಯವಂತರ ಹೆಸರನ್ನು ಆಕರಕೋಶ ದಾನಿಗಳೆಂದು ಬರೆದುಕೊಳ್ಳುತ್ತವೆ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಕೊಟ್ಟರೆ ಸಾಕು. ಎಲ್ಲೋ ಒಂದು ಕಡೆ ರಕ್ತದ ಕ್ಯಾನ್ಸರಿನಿಂದ ನರಳುವ, ಮುಖ ನೋಡದ ಮಗುವಿಗೆ ಹೊಂದಿಕೆಯಾದರೆ ಅವರೇ ಕರೆಯುತ್ತಾರೆ. ಕರೆ ಬರಬಹುದು, ಬಾರದೆಯೂ ಇರಬಹುದು. "ಬಾಣಂತನ ಮುಗೀಲಿ, ಅವರಿಗೂ ಹೇಳಿ ಇಬ್ಬರೂ ಹೆಸರು ಕೊಡ್ತೀವಿ" ಎಂದಳು. ಆ ಮೇಲೆ ಆ ಬಣ್ಣದ ಕಾಗದದ ಮಾತು ಅವಳು ಎತ್ತಲಿಲ್ಲ.