ಉತ್ತರ ಬಾರದಿರುವುದರ ಅರ್ಥ: ಎಐ ಏಜೆಂಟ್‌ನ ಕೈಪಿಡಿಯೂ ಶಬ್ದಪ್ರಮಾಣವೂ

ಕಣ್ಣಾರೆ ಕಾಣದ ಸಂಗತಿಯನ್ನು ಬಲ್ಲವರ ಮಾತಿನಿಂದ ತಿಳಿಯುವುದನ್ನು ಭಾರತೀಯ ದರ್ಶನಗಳು ಶಬ್ದಪ್ರಮಾಣವೆಂದು ಕರೆದಿವೆ. ಪ್ರಮಾಣವೆಂದರೆ ಯಥಾರ್ಥ ಜ್ಞಾನಕ್ಕೆ ಸಾಧನವಾದದ್ದು. ಮಾತು ಪ್ರಮಾಣವಾಗಬೇಕಾದರೆ ಆಡುವವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ನೇರವಾಗಿ ಬಲ್ಲವನೂ ಬಲ್ಲದ್ದನ್ನು ಇದ್ದಂತೆಯೇ ತಿಳಿಸಬಯಸುವವನೂ ಆಗಿರಬೇಕು ಎಂಬುದು ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ನಿಲುವು. ಕೇಳುವವನು ಅರಿವುಳ್ಳ ಜೀವ ಎಂಬುದನ್ನು ಈ ವಿಚಾರವು ಮೊದಲೇ ಒಪ್ಪಿಕೊಂಡಿತ್ತು. ಬರೆದಿಟ್ಟ ಇಂಥ ಮಾತೇ ಆದ ಕೈಪಿಡಿಯ ಓದುಗನ ಸ್ಥಾನದಲ್ಲಿ ಇಂದು ಎಐ ಏಜೆಂಟ್, ಅಂದರೆ ಒಪ್ಪಿಸಿದ ಗುರಿಗಾಗಿ ತಾನೇ ಸಲಕರಣೆಗಳನ್ನು ಆಯ್ದು, ನಡೆಸಿ, ಬಂದ ಫಲವನ್ನು ಓದಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ತಂತ್ರಾಂಶ ಬಂದು ನಿಂತಿದೆ. ಅರಿವಿದೆಯೆಂದು ಖಚಿತವಾಗಿ ಹೇಳಲಾಗದ ಇಂಥ ಓದುಗನಿಗೆ ಬರೆದ ಮಾತು ಪ್ರಮಾಣವಾಗುವುದು ಹೇಗೆ, ಅದರ ಹೊಣೆ ಯಾರದು ಎಂಬುದು ತಂತ್ರಜ್ಞಾನದ ಪ್ರಶ್ನೆಯಾಗುವುದಕ್ಕೂ ಮೊದಲು ತತ್ತ್ವಶಾಸ್ತ್ರದ ಪ್ರಶ್ನೆಯಾಗಿದೆ.

ತನ್ನ ಪರವಾಗಿ ಕೆಲಸ ಮಾಡುವವರಿಗೆ ಬರಹದ ಮೂಲಕ ಸೂಚನೆ ಕೊಡುವ ಪದ್ಧತಿ ಬಳ್ಳಾರಿ ಸೀಮೆಗೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಂ ಬಂಡೆಗಳ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಕಿರು ಶಾಸನಗಳಿವೆ. ಇದೇ ವರ್ಗಕ್ಕೆ ಸೇರಿದ, ನೆರೆಯ ಆಂಧ್ರಪ್ರದೇಶದ ಎರ್ರಗುಡಿಯ ಶಾಸನದಲ್ಲಿ ಅರಸನ ಆಜ್ಞೆ ರಜ್ಜುಕನೆಂಬ ಅಧಿಕಾರಿಗೆ ತಲುಪಿ, ಅವನು ಅದನ್ನು ಜನಪದದವರಿಗೆ ವಿಧಿಸಬೇಕೆಂಬ ಏರ್ಪಾಡು ಕಾಣುತ್ತದೆ. ಮಾತಿಗೂ ಕಾರ್ಯಕ್ಕೂ ನಡುವೆ ನಿಂತ ರಜ್ಜುಕನು ಸಂದೇಹ ಬಂದಾಗ ಮೇಲಿನವರನ್ನು ಕೇಳಬಲ್ಲವನಾಗಿದ್ದನು, ಊರಿನ ರೂಢಿಯನ್ನೂ ಬಲ್ಲವನಾಗಿದ್ದನು. ಏಜೆಂಟ್ ಆದರೋ ಬರಹದಲ್ಲಿ ಬಿಟ್ಟುಹೋದ ಜಾಗವನ್ನು ಎಷ್ಟೋ ಸಲ ಸಂಭವನೀಯವೆನಿಸಿದ ಊಹೆಯಿಂದ ತುಂಬಿಕೊಂಡು ಮುಂದುವರಿಯುತ್ತದೆ. ಆದ್ದರಿಂದ ಓದುಗನ ವಿವೇಕಕ್ಕೆಂದು ಹಿಂದೆ ಬಿಡುತ್ತಿದ್ದ ಭಾಗವೆಲ್ಲ ಈಗ ಬರೆಯುವವನ ಹೆಗಲಿಗೆ ಬರುತ್ತದೆ.

ಜಾಲತಪಾಸಣೆಯ ಸಲಕರಣೆಗಳಲ್ಲಿ ಈ ಹೊಣೆ ಸ್ಪಷ್ಟವಾಗಿ ತೋರುತ್ತದೆ. 1983ರ ಡಿಸೆಂಬರ್‌ನಲ್ಲಿ ಮೈಕ್ ಮ್ಯೂಸ್ ಬರೆದ ಪಿಂಗ್ ಎಂಬ ತಂತ್ರಾಂಶವು ದೂರದ ಕಂಪ್ಯೂಟರಿಗೆ ಪುಟ್ಟ ಸಂದೇಶವೊಂದನ್ನು ಕಳುಹಿಸಿ, ಅದರ ಮಾರುತ್ತರಕ್ಕೆ ಹಿಡಿದ ಕಾಲವನ್ನು ಅಳೆಯುತ್ತದೆ. ಸಿರುಗುಪ್ಪದ ಒಂದು ಕಚೇರಿಯಿಂದ ಬಳ್ಳಾರಿ ನಗರದ ಸರ್ವರಿಗೆ ಏಜೆಂಟ್ ಪಿಂಗ್ ಮಾಡಿತೆಂದೂ ಉತ್ತರ ಬರಲಿಲ್ಲವೆಂದೂ ಭಾವಿಸಿದರೆ, ಅದರಿಂದ ಸರ್ವರ್ ಕೆಟ್ಟಿದೆ ಎಂಬ ತೀರ್ಮಾನ ಹೊರಡುವುದೇ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

ಇಂಥದೇ ಪ್ರಶ್ನೆಯನ್ನು ದಾರ್ಶನಿಕರು ಅನುಪಲಬ್ಧಿ, ಅಂದರೆ ಕಾಣದಿರುವಿಕೆ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ. ಕುಮಾರಿಲ ಭಟ್ಟನ ಮೀಮಾಂಸೆಯೂ ಅದ್ವೈತಿಗಳೂ ಅದನ್ನು ಆರನೆಯ ಪ್ರಮಾಣವೆಂದು ಒಪ್ಪಿದರು, ನೈಯಾಯಿಕರು ಒಪ್ಪಲಿಲ್ಲ. ಆದರೆ ಬರಿಯ ಕಾಣದಿರುವಿಕೆಯಿಂದ ವಸ್ತುವಿನ ಅಭಾವ ಸಿದ್ಧಿಸದು ಎಂಬುದನ್ನು ಒಪ್ಪಿದವರೂ ಒತ್ತಿ ಹೇಳಿದರು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿ ಇದ್ದಾಗ ಮಾತ್ರ ಕಾಣದಿರುವಿಕೆಗೆ ಬೆಲೆಯಿದೆ, ಅದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಸಂದೇಶಗಳನ್ನು ಸೋಸುವ ಕಾವಲು ತಂತ್ರಾಂಶವಾದ ಫೈರ್‌ವಾಲ್ ಪಿಂಗಿನ ಸಂದೇಶವನ್ನಷ್ಟೇ ತಡೆದು ಉಳಿದ ವ್ಯವಹಾರಕ್ಕೆ ದಾರಿ ಬಿಟ್ಟಿರಬಹುದು. ಸರ್ವರ್ ಸುಸ್ಥಿತಿಯಲ್ಲಿದ್ದೂ ಮಾತಾಡದಿರಬಹುದು. ಪಿಂಗಿನ ಮೌನವು ಹಲವೊಮ್ಮೆ ಕತ್ತಲೆಯ ಗಡಿಗೆಯೇ ಆಗಿರುತ್ತದೆ. ಯಾವ ಸ್ಥಿತಿಯಲ್ಲಿ ಮೌನವು ಅಭಾವಕ್ಕೆ ಸಾಕ್ಷಿಯಾಗುತ್ತದೆ, ಯಾವಾಗ ಆಗುವುದಿಲ್ಲ, ಸಂದೇಹ ಉಳಿದಾಗ ಬೇರೆ ಯಾವ ಪರೀಕ್ಷೆಯನ್ನು ಮಾಡಬೇಕು ಎಂಬುದನ್ನು ಹೇಳದ ಕೈಪಿಡಿ ಪಿಂಗ್ ಆಜ್ಞೆಯ ಬಳಕೆಯನ್ನು ಎಷ್ಟೇ ಸರಿಯಾಗಿ ವಿವರಿಸಿದ್ದರೂ ಅಪೂರ್ಣವೇ. ಅನುಭವಿ ಎಂಜಿನಿಯರನಿಗೆ ಈ ಕೊರತೆ ತೊಡಕಾಗದು, ಏಕೆಂದರೆ ಆ ಜಾಲದ ನಡವಳಿಕೆ ಅವನ ನೆನಪಿನಲ್ಲಿರುತ್ತದೆ; ಏಜೆಂಟ್ ಮಾತ್ರ ಚೆನ್ನಾಗಿಯೇ ನಡೆಯುತ್ತಿರುವ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಲು ಹೊರಡಬಹುದು.

ಕೈಪಿಡಿಯಲ್ಲಿರಬೇಕಾದ ಎರಡನೆಯ ವಿವೇಕ ವಿಧಿಗೆ ಸಂಬಂಧಿಸಿದ್ದು. ಇದನ್ನು ಮಾಡು ಎನ್ನುವ ವಿಧಿವಾಕ್ಯವನ್ನೂ ಇದು ಹೀಗಿದೆ ಎಂದು ಇದ್ದುದನ್ನು ತಿಳಿಸುವ ವಾಕ್ಯವನ್ನೂ ಮೀಮಾಂಸಕರು ಎಚ್ಚರದಿಂದ ಬೇರ್ಪಡಿಸಿದರು. ಟ್ರೇಸ್‌ರೂಟ್ ಎಂಬ ಸಲಕರಣೆಯು ಸಂದೇಶ ಸಾಗುವ ದಾರಿಯಲ್ಲಿನ ರೂಟರುಗಳನ್ನು, ಅಂದರೆ ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಯಂತ್ರಗಳನ್ನು, ಒಂದೊಂದಾಗಿ ತೋರಿಸುತ್ತದೆ. ಅವುಗಳ ಹೆಸರುಗಳನ್ನು ಇಡುವವರು ಆಯಾ ಯಂತ್ರಗಳ ಒಡೆಯರು. ದುರುದ್ದೇಶದಿಂದ ಯಾರಾದರೂ ಆ ಹೆಸರಿನಲ್ಲಿಯೇ ಆಜ್ಞೆಯಂತೆ ತೋರುವ ಪದಗಳನ್ನು ಹುದುಗಿಸಿದರೆ, ವರದಿಯನ್ನೇ ವಿಧಿಯೆಂದು ಏಜೆಂಟ್ ಭ್ರಮಿಸುವ ಅಪಾಯವುಂಟು. ಸಲಕರಣೆ ತಂದುಕೊಟ್ಟ ಅಕ್ಷರಗಳು ಪರಿಶೀಲಿಸಬೇಕಾದ ವಸ್ತುವೇ ಹೊರತು ಪಾಲಿಸಬೇಕಾದ ಆಜ್ಞೆಯಲ್ಲ ಎಂಬ ಮಾತು ಕೈಪಿಡಿಯಲ್ಲಿ ಇರಲೇಬೇಕು. ಆ ಮಾತೊಂದೇ ಪೂರ್ಣ ರಕ್ಷಣೆಯಲ್ಲವಾದ ಕಾರಣ ಏಜೆಂಟಿಗೆ ಕೊಡುವ ಅಧಿಕಾರಕ್ಕೂ ಎಲ್ಲೆ ಇರಬೇಕು. 12ನೆಯ ಶತಮಾನದಲ್ಲಿ ಸಿಂದ ಅರಸರ ನೆಲೆಯಾಗಿದ್ದ ಕುರುಗೋಡಿನ ಸೀಮೆಯೂ ಸೇರಿದಂತೆ ಕನ್ನಡ ನಾಡಿನ ದಾನಶಾಸನಗಳ ಪರಂಪರೆಯು ಕೊಟ್ಟ ಭೂಮಿಯ ಎಲ್ಲೆಗಳನ್ನು ದಿಕ್ಕು ದಿಕ್ಕಿಗೆ ಗುರುತಿಸುವುದನ್ನು ರೂಢಿ ಮಾಡಿಕೊಂಡಿತ್ತು. ಯಾವ ಜಾಲವನ್ನು ಪರೀಕ್ಷಿಸಬಹುದು, ಎಷ್ಟು ಸಲ, ಯಾವುದಕ್ಕೆ ಮನುಷ್ಯನ ಒಪ್ಪಿಗೆ ಬೇಕು ಎಂಬ ಎಲ್ಲೆಗಳಿಗೂ ಅಷ್ಟೇ ಸ್ಪಷ್ಟತೆ ಸಲ್ಲಬೇಕು.

ಏಜೆಂಟಿಗೆ ಅರಿವಿದೆಯೇ ಎಂಬ ವಾದ ಮುಂದುವರಿಯಲಿ. ಆಪ್ತತ್ವದ ಲಕ್ಷಣ ಆ ವಾದದ ತೀರ್ಪಿಗೆ ಕಾಯುವುದಿಲ್ಲ, ಏಕೆಂದರೆ ಅದು ಹೇಳುವವನ ಗುಣ. ಎರ್ರಗುಡಿಯಲ್ಲಿಯೂ ಇರುವ ಅಶೋಕನ ಹದಿನಾಲ್ಕನೆಯ ಪ್ರಧಾನ ಬಂಡೆಶಾಸನವು, ಬರಹದಲ್ಲಿ ಕೆಲವೆಡೆ ಅಪೂರ್ಣತೆ ಇರಬಹುದು, ಅದಕ್ಕೆ ಸ್ಥಳವೋ ಲಿಪಿಕಾರನ ತಪ್ಪೋ ಕಾರಣವಾಗಿರಬಹುದು ಎಂದು ತಾನೇ ಒಪ್ಪಿಕೊಳ್ಳುತ್ತದೆ. ತನ್ನ ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳಿಬಿಡುವುದು ಅರಸನ ಆಜ್ಞೆಗೂ ಕುಂದಲ್ಲವೆಂದಾದ ಮೇಲೆ, ಪ್ರಶ್ನೆ ಕೇಳದೆಯೇ ಕೆಲಸಕ್ಕೆ ತೊಡಗಬಹುದಾದ ಓದುಗನಿಗಾಗಿ ಬರೆದ ಕೈಪಿಡಿಗೆ ಅದು ಮೊದಲ ಧರ್ಮವೇ ಆಗಬೇಕು.